ಹಾಜರಿ ಪುಸ್ತಕದಲ್ಲಿ ಇದ್ದವಳು ನಮ್ಮಕ್ಕ

ಹತ್ತನೇ ಕ್ಲಾಸಿನ ಡಿಸೆಂಬರ್ ತಿಂಗಳವರೆಗೂ ನನ್ನ ಹೆಸರೇನೆಂದು ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಿದಾಗೆಲ್ಲ ನನ್ನ ಮಗಳು "ಬುರುಡೆ ಬಿಡಬೇಡ ಮಮ್ಮಿ" ಎಂದು ನಗುತ್ತಾಳೆ. ಬಿಡುತ್ತಿಲ್ಲ. ತೊಂಬತ್ತರ ದಶಕದ ಶುರುವಿನ ಮಸ್ಕಿಯಲ್ಲಿ, ಕಾಳುಕಡಿ ಮಾರುವ ಅಡತಿ ಅಂಗಡಿಯಲ್ಲಿ ಚೀಲ ಹೊರುವವನ ಮನೆಯ ಹುಡುಗಿಗೆ ಹೆಸರಿನ ಅಗತ್ಯ ಬೀಳುತ್ತಿದ್ದದ್ದೇ ಕಡಿಮೆ. ಮನೆಯಲ್ಲಿ ನಾನು ಸಣ್ಣಾಕಿ. ನನಗಿಂತ ಎರಡೂವರೆ ವರ್ಷ ದೊಡ್ಡವಳಾದ ಅಕ್ಕ ದೊಡ್ಡಾಕಿ. ಓಣಿಯವರೂ ಹಾಗೇ ಕರೆಯುತ್ತಿದ್ದರು. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ ಇರುತ್ತಿತ್ತು, ಅದಕ್ಕೆ ಶಾಲೆ ಹೆಸರು ಎನ್ನುತ್ತಿದ್ದರು. ಹಾಜರಿ ಕರೆಯುವಾಗ ಮಾತ್ರ ಅದು ಬಳಕೆಗೆ ಬರುತ್ತಿತ್ತು. ಮಾಸ್ತರು ಒಂದು ಹೆಸರು ಕರೆಯುತ್ತಿದ್ದರು, ನಾನು "ಹಾಜರ್ ಸರ್" ಎನ್ನುತ್ತಿದ್ದೆ. ಒಂದನೆತ್ತಿಯಿಂದ, ಅಂದರೆ ಒಂದನೇ ಕ್ಲಾಸಿನಿಂದ, ಹತ್ತನೇತನಕ ದಿನಾ ಎಂದೆ. ಅದು ನನ್ನದೇ ಎಂದುಕೊಂಡಿದ್ದೆ. ಅಂಥದ್ದರಲ್ಲಿ ಅನುಮಾನ ಯಾರಿಗೆ ಬರುತ್ತದೆ?

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಾರಂ ತುಂಬುವ ವಾರ ಹೆಡ್‌ಮಾಸ್ತರು ಎಲ್ಲರಿಗೂ ಮನೆಯಿಂದ ರೇಷನ್ ಕಾರ್ಡು ತರಲು ಹೇಳಿದರು. ತಂದೆಯ ಹೆಸರು, ಮಕ್ಕಳ ಹೆಸರು ತಾಳೆ ನೋಡುವುದಕ್ಕೆ. ಸೀಮೆಎಣ್ಣೆ ವಾಸನೆ ಹೊಡೆಯುವ ನಮ್ಮ ಮನೆಯ ಕಾರ್ಡನ್ನು ನೋಟುಬುಕ್ಕಿನೊಳಗೆ ಇಟ್ಟುಕೊಂಡು ಹೋಗಿ ಕೊಟ್ಟೆ. ಸಂಜೆ ಪ್ಯೂನ್ ಬಂದು, ಹೆಡ್‌ಮಾಸ್ತರು ಕರೆಯುತ್ತಿದ್ದಾರೆ ಎಂದ.

ಹೆಡ್‌ಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನವಾ, ನೀ ಯಾರು?"

ನಾನು ಹಾಜರಿಯಲ್ಲಿ ಕರೆಯುವ ಹೆಸರು ಹೇಳಿದೆ.

"ಆಕಿ ಲಗ್ನ ಆಗಿ ಮುಕ್ಕುಂದಕ್ಕ ಹೋಗ್ಯಾಳ ಅಂತ ಇದರಾಗ ಬರದು, ಕೆಂಪು ಗೀಟು ಎಳದಾರ. ಮತ್ತ ನನ್ನ ಮುಂದ ನಿಂತಾಕಿ ಯಾರು?"

ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಡ್ರಿಲ್ ಮಾಸ್ತರು ಕಿಸಕ್ಕನೆ ನಕ್ಕರು. "ದೆವ್ವ ಇರಬೇಕ್ರಿ ಸರ. ಕಾಲು ನೋಡ್ರಿ, ಹಿಂದ ಮುಂದ ಏನರ ಅದಾವೇನು."

ಹೆಡ್‌ಮಾಸ್ತರು ನಗಲಿಲ್ಲ. ಕಾರ್ಡನ್ನು ನನ್ನ ಕಡೆ ತಿರುಗಿಸಿದರು. ಮೊದಲ ಮಗಳ ಹೆಸರಿನ ಮೇಲೆ ಕೆಂಪು ಗೆರೆ. ಅದು ದಿನಾ ನಾನು ಹಾಜರ್ ಎನ್ನುತ್ತಿದ್ದ ಹೆಸರು. ಅದರ ಕೆಳಗೆ, ಎರಡನೇ ಮಗಳು ಎಂದು ಬೇರೊಂದು ಹೆಸರಿತ್ತು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಯಾರದೋ ಹೆಸರು ಓದಿದ ಹಾಗೆ ಓದಿದೆ. ಅದು ನಾನಂತೆ.

"ಅಕ್ಕನ ಹೆಸರಿನ್ಯಾಗ ತಂಗಿ ಪರೀಕ್ಷಾ ಬರಿಯಾಕತ್ತಾಳ ಅಂತ ಯಾವನರ ಒಂದು ಅರ್ಜಿ ಒಗದ್ರ, ನಿನ್ನೂ ಹೊರಗ ಹಾಕ್ತಾರ, ನನ್ನೂ ಮನಿಗೆ ಕಳಸ್ತಾರ" ಎಂದರು. "ಇದು ಫೈಸಲ್ ಆಗಾತನ ನಿನ್ನ ಫಾರಂ ಕಳಸಾಂಗಿಲ್ಲ."

ಆ ಫಾರಂ ಹೋಗದಿದ್ದರೆ ಏನಾಗುತ್ತಿತ್ತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮುದಗಲ್ಲಿನ ಒಂದು ಮನೆಯವರು ಆಗಲೇ ಎರಡು ಸಲ ಬಂದು ನನ್ನನ್ನು ನೋಡಿಕೊಂಡು ಹೋಗಿದ್ದರು. "ಹತ್ತನೇತ್ತಿ ಪರೀಕ್ಷಾ ಬರೀಲಿ, ಪಾಸಾದ್ರ ಮುಂದ ಓದ್ಲಿ, ಇಲ್ಲಂದ್ರ ನಿಮ್ಮ ಮನಿಗೇ" ಎಂದು ಅಪ್ಪ ಮಾತು ಕೊಟ್ಟಿದ್ದ. ಪರೀಕ್ಷೆಯನ್ನೇ ಬರೆಯದಿದ್ದರೆ ಅದಕ್ಕಿಂತ ಒಳ್ಳೆಯ ನೆವ ಯಾರಿಗೂ ಬೇಕಿರಲಿಲ್ಲ. ಅಕ್ಕನನ್ನು ಹಿಂಗೇ ಹದಿನಾರಕ್ಕೆ ಸಾಗಿಸಿದ್ದರು. ಮುಂದಿನ ವರ್ಷ ನೋಡೋಣ ಎನ್ನುವ ಮಾತು ನಮ್ಮಂಥ ಮನೆಗಳಲ್ಲಿ ಹುಡುಗಿಯರಿಗೆ ಇರಲಿಲ್ಲ.

ಮನೆಗೆ ಹೋಗಿ ಅವ್ವನ ಮುಂದೆ ಕಾರ್ಡು ಹಿಡಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ದೊಡ್ಡಾಕಿನ್ನ ಶಾಲಿಗೆ ಹಾಕಿದ್ವಿ. ಒಂದು ವರ್ಷ ಹೋದ್ಲು. ನಿನ್ನ ಬಗಲಾಗ ಕುಂದ್ರಿಸಿಕೊಂಡು ಹೋಗ್ತಿದ್ಲು, ಮನ್ಯಾಗ ನೋಡಾರು ಯಾರದಾರ? ಆಮ್ಯಾಲೆ ನಿನ್ನ ತಮ್ಮ ಹುಟ್ಟಿದ, ನಾ ಹಾಸಿಗಿ ಹಿಡದೆ. ಆಕಿನ್ನ ಬಿಡಿಸಿದ್ವಿ. ಮಾಸ್ತರು ಮನಿಗೆ ಬಂದು, 'ಹಾಜರಿ ಪಟದಾಗ ಮಕ್ಕಳು ಕಮ್ಮಿ ಆದ್ರ ನನಗ ಮ್ಯಾಲಿನವರು ಕೇಳ್ತಾರ, ದೊಡ್ಡಾಕಿ ಬರದಿದ್ರ ಸಣ್ಣಾಕಿನ್ನ ಕಳಸ್ರಿ, ಆ ಜಾಗದಾಗ ಕುಂದ್ರಲಿ' ಅಂದ್ರು. ಕಳಿಸಿದ್ವಿ."

"ಹೆಸರು?"

"ಅವರೇ ಬದಲಿ ಮಾಡ್ಕೊಂತಾರ ಅಂತ ತಿಳದಿದ್ದೆ."

"ಇಷ್ಟು ವರ್ಷ ಹೇಳಿಲ್ಲಲ್ಲ ಯವ್ವಾ!"

"ಏನಂತ ಹೇಳ್ಲಿ? ಕರದ್ರ ಓ ಅಂತಿದ್ದಿ. ನಡದಿತ್ತು."

ನಡದಿತ್ತು. ನಮ್ಮ ಕಡೆ ಅರ್ಧ ಬದುಕು ಈ ಒಂದು ಮಾತಿನ ಮೇಲೆಯೇ ನಡೆಯುತ್ತದೆ.

ಮರುದಿನ ಅಪ್ಪ ಹೆಡ್‌ಮಾಸ್ತರ ಕಾಲಿಗೆ ಬಿದ್ದ. ಅವರು ಕೆಟ್ಟವರಲ್ಲ. ಪ್ರೈಮರಿ ಶಾಲೆಯ ಹಿರಿಯ ಮಾಸ್ತರು ತಮಗೆ ಪರಿಚಯ, ದಾಖಲಾತಿ ಪುಸ್ತಕದಲ್ಲಿ ಬರೆಯುವಾಗ ಕೈತಪ್ಪಿ ದೊಡ್ಡ ಮಗಳ ಹೆಸರು ಬಿದ್ದಿದೆ ಎಂದು ಒಂದು ತಿದ್ದುಪಡಿ ಮಾಡಿಸುತ್ತೇನೆ, ಗದ್ದಲ ಮಾಡಬೇಡಿ ಎಂದರು. ನನ್ನ ಕಡೆ ತಿರುಗಿ, "ಎಂಟು ದಿನ ಬಾಯಿಗೆ ಬೀಗ ಹಾಕ್ಕೊಂಡಿರು" ಎಂದರು. ನಾನು ಹಾಕಿಕೊಂಡೆ. ಡ್ರಿಲ್ ಮಾಸ್ತರಿಗೆ ಯಾರೂ ಬೀಗ ಹಾಕಿರಲಿಲ್ಲ.

ಎರಡೇ ದಿನದಲ್ಲಿ ಇಡೀ ಕ್ಲಾಸಿಗೆ ಗೊತ್ತಾಯಿತು. ಮೂವತ್ತೆಂಟು ಜನ ನಾವು, ಅದರಲ್ಲಿ ಹನ್ನೊಂದು ಹುಡುಗಿಯರು. ನಾನು ಒಳಗೆ ಕಾಲಿಟ್ಟರೆ ಹುಡುಗರ ಸಾಲೆಲ್ಲ ಎದ್ದು ನಿಂತಿತು.

"ನಮಸ್ಕಾರ್ರಿ ಯಕ್ಕಾರ, ಮುಕ್ಕುಂದದಾಗ ಎಲ್ಲಾ ಆರಾಮಾ?"

"ಮಾಮಾರು ಬಂದಿಲ್ಲೇನ್ರಿ?"

"ಏ ಸುಮ್ಕ ಕುಂದ್ರಲೇ, ಲಗ್ನ ಆದಾಕಿ ಮುಂದ ಹಂಗ ಮಾತಾಡ್ತಾರೇನು!"

ನಾನು ಬೆಂಚಿನ ಮೇಲೆ ತಲೆ ಇಟ್ಟು ಅತ್ತೆ. ನನ್ನ ಬೆಂಚಿನ ಗೆಳತಿ ಎದ್ದು, ಸಿಕ್ಕವರನ್ನೆಲ್ಲ ಬೈದಳು. ಮುದಗಲ್ಲಿನ ಕಥೆ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನೂ ಹೇಳಿಬಿಟ್ಟಳು. ಕ್ಲಾಸು ತಣ್ಣಗಾಯಿತು. ಹದಿನೈದು ಹದಿನಾರರ ಹುಡುಗರು ಕ್ರೂರಿಗಳೇ, ಆದರೆ ಅವರಿಗೆ ಒಮ್ಮೆ ಕರುಣೆ ಬಂದರೆ ಇನ್ನೂ ಅಪಾಯ.

ಅವತ್ತು ಮಧ್ಯಾಹ್ನ ಗಣಿತದ ಮಾಸ್ತರು ರಜೆ. ಎಲ್ಲರೂ ಬೇವಿನ ಮರದ ಕೆಳಗೆ ಕೂತು ನನಗಾಗಿ ಒಂದು ಅರ್ಜಿ ಬರೆಯುವುದೆಂದು ತೀರ್ಮಾನಿಸಿದರು. ಲಿಂಗಸುಗೂರಿನ ಶಿಕ್ಷಣಾಧಿಕಾರಿಗಳ ಕಚೇರಿಗೆ. ಈಕೆ ಒಂದನೆತ್ತಿಯಿಂದ ನಮ್ಮ ಜೊತೆ ಓದಿದವಳು, ಕಳ್ಳಿಯಲ್ಲ, ಇದಕ್ಕೆ ನಾವೆಲ್ಲ ಸಾಕ್ಷಿ ಎಂದು. ಹೆಚ್ಚಿನವರು ನಮ್ಮ ಓಣಿಯ ಅದೇ ಪ್ರೈಮರಿ ಶಾಲೆಯಿಂದ ಬಂದವರು. ಸಾಕ್ಷಿ ಅಂದಮೇಲೆ ಪುರಾವೆ ಬೇಕಲ್ಲ? ಒಬ್ಬೊಬ್ಬರೇ ನೆನಪು ಮಾಡಿಕೊಳ್ಳತೊಡಗಿದರು.

"ಎರಡನೆತ್ತಿನ್ಯಾಗ ಮಾಡಿನಿಂದ ಹಾವು ಬಿದ್ದಾಗ ಈಕಿ ಕಿಟಕಿ ಹಾರಿ ಹಲ್ಲು ಮುರಕೊಂಡ್ಲು. ಬರಿ ಅದನ್ನ."

"ಹಲ್ಲಿನ ಸುದ್ದಿ ಯಾಕಲೇ ಅರ್ಜಿನ್ಯಾಗ?"

"ಸಾಕ್ಷಿ ಆಕ್ಕೈತಿ ಬರಿ."

"ಉಪ್ಪಿಟ್ಟು ಹಂಚುವಾಗ ಈಕಿ ಎರಡು ಸಲ ಪಾಳಿ ಹಚ್ತಿದ್ಲು. ಒಮ್ಮೆ ತನ್ನ ಹೆಸರಿನ್ಯಾಗ, ಒಮ್ಮೆ ಕಾಯಿಲೆ ಬಿದ್ದಾರ ಹೆಸರಿನ್ಯಾಗ."

"ಅದನ್ನ ಬರೀಬ್ಯಾಡ್ರೋ! ಹೆಸರು ಬದಲಿ ಮಾಡಾದು ಈಕಿಗೆ ಚಟ ಅಂತ ತಿಳ್ಕೊಂತಾರ."

ನಗು, ಗದ್ದಲ. ಐದನೆತ್ತಿಯ ಮಾಸ್ತರ ಹುಣಸೆ ಬರಲಿನ ಏಟು, ಮಳೆಗಾಲದಲ್ಲಿ ತಗಡಿನ ಸದ್ದಿಗೆ ಪಾಠ ಕೇಳದೆ ಎಲ್ಲರೂ ನಿದ್ದೆ ಹೋದದ್ದು, ಏಳನೆತ್ತಿಯಲ್ಲಿ ಗುಡ್ಡ ಹತ್ತಿ ಇಳಿಯಲಾರದೆ ಅತ್ತದ್ದು, ಜಾಂಡಾ ಏರಿಸುವ ದಿನ ಸಕ್ಕರೆ ಗೊಂಬೆಗೆ ಜಗಳವಾಡಿದ್ದು. ಅರ್ಜಿ ಮೂರು ಪುಟ ಆಯಿತು. ಹತ್ತು ವರ್ಷಗಳನ್ನು ನಾವು ಒಟ್ಟಿಗೆ ಕೂತು ತಿರುಗಿ ನೋಡಿದ್ದು ಅವತ್ತೇ. ಆಮೇಲೆ ಬೀಳ್ಕೊಡುಗೆಯಲ್ಲಿ ಆಡಿದ ಮಾತೆಲ್ಲ ಅದರ ಮುಂದೆ ಸಪ್ಪೆ. ಖರೆ ಹೇಳಬೇಕೆಂದರೆ ಆ ಒಂದು ತಾಸು ನಾನೂ ಸಂತೋಷವಾಗಿದ್ದೆ.

ಆಗ ಹಿಂದೆ ಕೂತಿದ್ದ ಒಬ್ಬ ಹುಡುಗ ಬಾಯಿ ತೆಗೆದ. ನಮ್ಮಲ್ಲೆಲ್ಲ ದೊಡ್ಡವನು. ಒಂದನೆತ್ತಿಯಲ್ಲೇ ಒಂದು ವರ್ಷ ಉಳಿದುಕೊಂಡವನು, ಹಾಗಾಗಿ ನಮಗಿಂತ ಮೊದಲೇ ಶಾಲೆಗೆ ಬಂದವನು.

"ನಿಮಗ್ಯಾರಿಗೂ ಗೊತ್ತಿಲ್ಲ, ನನಗೊಬ್ಬಾವಗೇ ಗೊತ್ತು. ಮೊದಲ್ನೇ ವರ್ಷ ಈಕಿ ಅಕ್ಕನೇ ಬರ್ತಿದ್ಲು. ನನ್ನ ಬಾಜೂಕ ಕುಂದ್ರತಿದ್ಲು. ಈಕಿ ಆಕಿ ಬಗಲಾಗ ಸುಂಬಳ ಸುರಿಸ್ಕೊಂತ ಇರ್ತಿದ್ಲು." ನನ್ನ ಕಡೆ ನೋಡಿದ. "ನಿಮ್ಮಕ್ಕ ಶ್ಯಾಣ್ಯಾಕಿ ಇದ್ಲು ನೋಡು. ನಿನಗಿಂತ. ಮಗ್ಗಿ ಹೇಳ್ಕೊಂತ ನಿನ್ನ ಮಲಗಿಸ್ತಿದ್ಲು."

"ಬರಿ, ಅದನ್ನೂ ಬರಿ" ಎಂದಳು ನನ್ನ ಗೆಳತಿ. ಸತ್ಯ ಬರೆದರೆ ಸಾಹೇಬರು ನಂಬುತ್ತಾರೆ ಎನ್ನುವುದು ಅವಳ ಲೆಕ್ಕ. ಬರೆದರು. ಮೊದಲು ಅಕ್ಕ ಬರುತ್ತಿದ್ದಳು, ಅವಳು ಬಿಟ್ಟ ಮೇಲೆ ಅದೇ ಹೆಸರಿನಲ್ಲಿ ತಂಗಿ ಬಂದಳು, ಇದರಲ್ಲಿ ತಂಗಿಯ ತಪ್ಪಿಲ್ಲ. ಮೂವತ್ತೇಳು ಜನ ಸಹಿ ಹಾಕಿದರು. ಕೊನೆಗೆ ನಾನೂ ಹಾಕಿದೆ. ಯಾವ ಹೆಸರಿನಲ್ಲಿ? ಅಕ್ಕನದರಲ್ಲೇ. ಬೇರೆ ಸಹಿ ನನಗೆ ಬರುತ್ತಿರಲಿಲ್ಲ. ಹೆಡ್‌ಮಾಸ್ತರಿಗೆ ಹೇಳಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸಂಜೆಯ ಟಪಾಲಿಗೆ ಹಾಕಿಯೇಬಿಟ್ಟರು.

ಸಂಕ್ರಮಣ ಮುಗಿದ ಮಾರನೇ ದಿನ ಕಚೇರಿಯಿಂದ ಕರೆ ಬಂತು. ಪ್ರೈಮರಿ ಶಾಲೆಯ ದಾಖಲಾತಿ ಪುಸ್ತಕವನ್ನೇ ತರಿಸಿಕೊಂಡಿದ್ದರು. ಹೆಡ್‌ಮಾಸ್ತರು, ಅಪ್ಪ, ನಾನು ಲಿಂಗಸುಗೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಹೆಡ್‌ಮಾಸ್ತರು ನನ್ನನ್ನು ನೋಡಲೇ ಇಲ್ಲ. ಇಳಿಯುವಾಗ ಒಂದೇ ಮಾತು ಅಂದರು: "ನಾ ಮುಚ್ಚಾಕತ್ತಿದ್ದೆ, ನೀವು ಹಲಗಿ ಬಾರಿಸಿದ್ರಿ."

ಗುಮಾಸ್ತರು ವಯಸ್ಸಾದವರು. ಕೂಗಾಡಲಿಲ್ಲ. ನಮ್ಮ ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸಿದರು.

"ನಿಮ್ಮ ಹುಡುಗರೇ ಬರದಾರ ನೋಡ್ರಿ. ಅಕ್ಕ ಒಂದು ವರ್ಷ ಬಂದಾಳಂತ. ಅಂದ್ರ ಹೆಸರು ಆಕಿದು. ಈಕಿ ಇನ್ನೊಬ್ಬಾಕಿ ಹೆಸರಿನ್ಯಾಗ ಕುಂತಾಳ. ಕೈತಪ್ಪು ಅಂತ ನಾ ಹೆಂಗ ಬರೀಲಿ? ಹಲ್ಲು ಮುರದಿದ್ದೂ ಬರದಾರ, ಪಾಪ, ಛಲೋ ಹುಡುಗ್ರು."

"ಏನರ ದಾರಿ ತೋರಸ್ರಿ ಸಾಹೇಬ್ರ" ಎಂದು ಅಪ್ಪ ಕೈಮುಗಿದ.

ದಾರಿ ಒಂದೇ ಇತ್ತು. ಅಕ್ಕ ಖುದ್ದು ಬಂದು, ತಾನು ಯಾವತ್ತೂ ಯಾವ ಶಾಲೆಗೂ ಹೋದವಳಲ್ಲ ಎಂದು ಹೇಳಿಕೆ ಕೊಡಬೇಕು. ಆಗ ಹುಡುಗರಿಗೆ ನೆನಪು ತಪ್ಪಿದೆ, ಮೊದಲಿನಿಂದಲೂ ಬಂದವಳು ತಂಗಿಯೇ, ಹೆಸರು ಬರೆಯುವಾಗ ಮಾತ್ರ ತಪ್ಪಾಗಿದೆ ಎಂದಾಗುತ್ತದೆ. ಶನಿವಾರ ಫಾರಂ ಕಳಿಸಲು ಕೊನೆಯ ದಿನ. ಅವತ್ತು ಬುಧವಾರ.

ಅಪ್ಪನಿಗೆ ಸಾಲಾಗಿ ಮೂರು ದಿನ ಕೆಲಸ ಬಿಡುವಂತಿರಲಿಲ್ಲ. ಗುರುವಾರ ನಾನೊಬ್ಬಳೇ ಸಿಂಧನೂರಿಗೆ ಹೋಗಿ, ಅಲ್ಲಿಂದ ಮುಕ್ಕುಂದದ ಬಸ್ಸು ಹಿಡಿದೆ. ಮನೆಯಲ್ಲಿ ಅಕ್ಕ ಇರಲಿಲ್ಲ. ಎರಡನೇ ಬೆಳೆಯ ನಾಟಿ ನಡೆದಿತ್ತು. ಗದ್ದೆಯ ಕಡೆ ಹೋದೆ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಮೊಣಕಾಲುದ್ದ ಕೆಸರಲ್ಲಿ ಬಗ್ಗಿ, ಸಸಿ ಊರುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಬದುವಿನ ಮೇಲೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಮೇಸ್ತ್ರಿ ನಿಂತು "ತೊಂದರಗಾ, ತೊಂದರಗಾ" ಎಂದು ಅವಸರ ಮಾಡುತ್ತಿದ್ದ.

ಅಕ್ಕ ನನ್ನನ್ನು ಕಂಡವಳೇ ಬಿಳಿಚಿಕೊಂಡಳು. "ಯಾರಿಗೇನಾತು?"

"ಯಾರಿಗೂ ಏನಾಗಿಲ್ಲ."

ಸಾಲು ಒಡೆಯುವಂತಿಲ್ಲ. ಅವಳು ನಾಟಿ ಮಾಡುತ್ತ ಹಿಂದೆ ಸರಿದ ಹಾಗೆ ನಾನು ಬದುವಿನ ಮೇಲೆ ಅವಳ ಜೊತೆಗೇ ಸರಿಯುತ್ತ ಎಲ್ಲ ಹೇಳಿದೆ. ಅವಳು ಕೈ ಒಮ್ಮೆಯೂ ನಿಲ್ಲಿಸಲಿಲ್ಲ.

"ಅಂದ್ರ, ನಾ ಶಾಲಿಗೆ ಹೋಗಿಲ್ಲಂತ ಹೇಳಬೇಕು."

"ಹೂಂ."

"ಹೋಗೀನಲ್ಲ."

"ಒಂದೇ ವರ್ಷ ಅಲ್ಲೇನಕ್ಕಾ."

ಹೌದು, ಹಾಗೇ ಅಂದೆ. ಯಾರೋ ಹೇಳಿಕೊಟ್ಟದ್ದಲ್ಲ, ನನ್ನದೇ ಬಾಯಿ.

ಅವಳು ಕೈಯಲ್ಲಿದ್ದ ಕಟ್ಟಿನ ಸಸಿಯನ್ನೆಲ್ಲ ಊರಿ ಮುಗಿಸಿದಳು. ಇನ್ನೊಂದು ಕಟ್ಟು ಬಿಚ್ಚುತ್ತ ಕೇಳಿದಳು: "ಇಲ್ಲಿ ನನಗ ಏನಂತ ಕರೀತಾರ ಗೊತ್ತೈತಿ?"

ಗೊತ್ತಿತ್ತು. ಮದುವೆಯ ದಿನ ಗಂಡನ ಮನೆಯವರು ಅಕ್ಕಿಯಲ್ಲಿ ಬೇರೆ ಹೆಸರು ಬರೆದು ಇಟ್ಟಿದ್ದರು. ನಮ್ಮ ಕಡೆ ಪದ್ಧತಿ ಅದು.

"ನಿಮಗ ದೊಡ್ಡಾಕಿ. ಇವರಿಗೆ ಇವರು ಇಟ್ಟ ಹೆಸರಿನಾಕಿ. ರೇಷನ್ ಕಾರ್ಡಿನ್ಯಾಗ ಗೀಟು ಎಳದಾರಂತ ನೀನೇ ಹೇಳ್ತಿ. ತೊಟ್ಟಿಲದಾಗ ಅಜ್ಜಿ ಇಟ್ಟ ಹೆಸರು ಉಳದದ್ದು ಅದೊಂದು ಪುಸ್ತಕದಾಗ." ಸೊಂಟ ನೆಟ್ಟಗೆ ಮಾಡಿ ನಿಂತಳು. "ಮುಂಜಾನಿ ಮೇವು ತರಾಕ ಹೋಗ್ತಿದ್ನೆಲ್ಲ, ಶಾಲಿ ಗ್ವಾಡಿ ಹಿಂದ ನಿಂದರತಿದ್ದೆ. ಹಾಜರಿ ಕರೀತಿದ್ರು. ಆ ಹೆಸರು ಬಂದ ಮ್ಯಾಲೆ ಹೋಗ್ತಿದ್ದೆ. ನೀ ಹಾಜರ್ ಅಂತಿದ್ದಿ, ನಾ ಇತ್ತ ಮನಸಿನ್ಯಾಗ ಅನಕೋತಿದ್ದೆ, ಹೂಂ, ಅದೀನಿ ಅಂತ."

ಮೇಸ್ತ್ರಿ ಕೂಗಿದ. ಅವಳು ಮತ್ತೆ ಬಗ್ಗಿದಳು.

ನನಗೆ ಆಗ ಅವಳ ಮಾತು ಅರ್ಥವಾಗಲಿಲ್ಲ ಎಂದರೆ ಸುಳ್ಳು. ಅರ್ಥವಾಯಿತು. ಆದರೆ ಶನಿವಾರಕ್ಕೆ ಎರಡೇ ದಿನ ಉಳಿದಿತ್ತು. "ನನ್ನ ಮುದಗಲ್ಲಿಗೆ ಕೊಟ್ಟುಬಿಡ್ತಾರಕ್ಕಾ" ಎಂದು ಗೋಳೋ ಎಂದೆ.

"ಕೊಡ್ಲಿ. ನನ್ನ ಕೊಟ್ಟಿಲ್ಲೇನು?"

ಸಾಲಿನಲ್ಲಿದ್ದ ಹೆಣ್ಣುಮಕ್ಕಳೆಲ್ಲ ತಲೆ ಎತ್ತಿ ನೋಡಿದರು. ಆಮೇಲೆ ಒಂದೊಂದೇ ತಲೆ ಬಗ್ಗಿತು. ನಾನು ಬದುವಿನ ಮೇಲೆ ಕೂತೇ ಇದ್ದೆ. ಹೊತ್ತು ಇಳಿಯುವಾಗ ಅಕ್ಕ ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಬಂದು, ನನ್ನ ಮುಖ ನೋಡದೆ ಕೇಳಿದಳು: "ನಾಳೆ ಎಷ್ಟಕ್ಕ ಬಸ್ಸು?"

ಶುಕ್ರವಾರ ಕಚೇರಿಯಲ್ಲಿ ಗುಮಾಸ್ತರು ಹೇಳಿಕೆಯನ್ನು ಆಗಲೇ ಬರೆದಿಟ್ಟಿದ್ದರು. ಅಪ್ಪ, ಹೆಡ್‌ಮಾಸ್ತರು ಗೋಡೆಗೆ ಒರಗಿ ನಿಂತಿದ್ದರು. ಗುಮಾಸ್ತರು ಗಟ್ಟಿಯಾಗಿ ಓದಿದರು. ನಾನು ಯಾವ ಶಾಲೆಗೂ ಹೋದವಳಲ್ಲ. ನನಗೆ ಓದು ಬರಹ ಬರುವುದಿಲ್ಲ. ಮೇಲ್ಕಂಡ ದಾಖಲಾತಿಗೂ ನನಗೂ ಸಂಬಂಧವಿಲ್ಲ. ಓದಿ ಮುಗಿಸಿ, ಮಸಿಯ ಡಬ್ಬಿಯನ್ನು ಅಕ್ಕನ ಕಡೆ ಸರಿಸಿದರು.

"ಪೆನ್ ಕೊಡ್ರಿ" ಎಂದಳು ಅಕ್ಕ.

ಅವರು ಯೋಚಿಸದೆ ಕೊಟ್ಟರು. ಅಕ್ಕ ಮೇಜಿನ ಮೇಲೆ ಬಗ್ಗಿದಳು. ಪೆನ್ನನ್ನು ಬಳಪದ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದಳು. ನಾಲಿಗೆ ಹಲ್ಲಿನ ನಡುವೆ. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು, ತೊಟ್ಟಿಲ ಹೆಸರನ್ನು ಪೂರ್ತಿ ಬರೆದಳು. ದೊಡ್ಡ ದೊಡ್ಡ ಅಕ್ಷರ, ಪಾಟಿಯ ಮೇಲೆ ಬರೆದ ಹಾಗೆ. ಒಂದೂ ತಪ್ಪಿಲ್ಲ. ಅವಳಿಗೆ ಅದು ಬರುತ್ತದೆ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗುಮಾಸ್ತರು ಕಾಗದ ನೋಡಿ ಹಣೆ ಹಿಡಿದುಕೊಂಡರು. "ತಂಗೀ, ಶಾಲಿಗೇ ಹೋಗಿಲ್ಲಂತ ಮ್ಯಾಲೆ ಬರದು ಕೆಳಗ ಹಿಂಗ ಸಹಿ ಮಾಡಿದ್ರ, ಓದಿದಾರು ಏನು ತಿಳ್ಕೋಬೇಕು?"

"ಇದೊಂದ ನನಗ ಬರತೈತ್ರಿ."

"ಬರಬಾರದವಾ. ಬರಬಾರದು."

ಆ ಕಾಗದ ಹರಿದರು. ಇನ್ನೊಂದು ಬರೆದರು. ಅಷ್ಟು ಹೊತ್ತೂ ಅಕ್ಕ ಮೇಜಿನ ಮೇಲಿದ್ದ ಹರಿದ ತುಂಡುಗಳನ್ನೇ ನೋಡುತ್ತಿದ್ದಳು. ಮಸಿ ಡಬ್ಬಿ ಮತ್ತೆ ಬಂತು. ಅಕ್ಕ ಕೈ ಚಾಚಲಿಲ್ಲ. ಅಪ್ಪ "ಒತ್ತಬೇ ಜಲ್ದಿ" ಎಂದ. ಚಾಚಲಿಲ್ಲ. ಹೆಡ್‌ಮಾಸ್ತರು ಗಡಿಯಾರ ನೋಡಿಕೊಂಡರು. ಆಗ ನಾನು ಮುಂದೆ ಹೋದೆ. ಅವಳ ಎಡಗೈ ಹಿಡಿದು, ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿದೆ. ಗಟ್ಟಿಯಾಗಿ ಒತ್ತಿದೆ, ಸರಿಯಾಗಿ ಮೂಡದೆ ಇನ್ನೊಮ್ಮೆ ಮಾಡಬೇಕಾದೀತು ಎಂಬ ಹೆದರಿಕೆಯಿಂದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಜೀವವೇ ಇರಲಿಲ್ಲ.

ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಅಕ್ಕ ಹೊರಗೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಿರ್ಚಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅವಳು ಸಿಂಧನೂರಿನ ಬಸ್ಸು ಹತ್ತಿ ಕೂತಿದ್ದಳು. ಕಿಟಕಿಯಿಂದ ನಮ್ಮ ಕಡೆ ನೋಡಲಿಲ್ಲ. ನನ್ನ ಫಾರಂ ಶನಿವಾರ ಹೋಯಿತು, ಹೊಸ ಹೆಸರಿನಲ್ಲಿ.

ಬೀಳ್ಕೊಡುಗೆ ಮಾರ್ಚಿನಲ್ಲಿ. ನಮ್ಮ ಶಾಲೆಯಲ್ಲಿ ಒಂದು ರೂಢಿ ಇತ್ತು. ಹತ್ತನೇ ಕ್ಲಾಸಿನ ಪ್ರತಿಯೊಬ್ಬರೂ ಎದ್ದು, ಶಾಲೆಗೆ ಸೇರಿದ ದಿನದಿಂದ ಶುರು ಮಾಡಿ ಒಂದು ನೆನಪು ಹೇಳಬೇಕು. ಹುಡುಗಿಯರು ಅತ್ತರು, ಹುಡುಗರು ಮಾಸ್ತರುಗಳ ನಡಿಗೆ ಅಣಕ ಮಾಡಿ ನಗಿಸಿದರು. ಆ ದೊಡ್ಡ ಹುಡುಗನ ಸರದಿ ಬಂತು.

"ನಾ ಒಂದನೆತ್ತಿಗೆ ಎರಡು ಸಲ ಹೋದಾವ" ಎಂದು ಶುರು ಮಾಡಿದ. ಎಲ್ಲರೂ ಚಪ್ಪಾಳೆ ಹೊಡೆದರು. "ಮೊದಲ್ನೇ ಸಲ ಹೋದಾಗ ನನ್ನ ಬಾಜೂಕ…"

ನಿಲ್ಲಿಸಿದ. ಹೆಡ್‌ಮಾಸ್ತರು ಕೆಮ್ಮಿದರು. ಅವನು ನನ್ನನ್ನೇ ನೋಡುತ್ತಿದ್ದ. ಹೇಳಿಬಿಟ್ಟರೆ ಎಂಬ ಹೆದರಿಕೆ ನನಗೆ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ.

"ನನ್ನ ಬಾಜೂಕ ಗ್ವಾಡಿ ಇತ್ತು. ಮಗ್ಗಿ ಕೇಳಿದ್ರ ಅದೂ ಹೇಳ್ತಿದ್ದಿಲ್ಲ, ನಾನೂ ಹೇಳ್ತಿದ್ದಿಲ್ಲ. ಇಬ್ಬರೂ ನಪಾಸು."

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅವನೊಬ್ಬನೇ ನಗದೆ ಹೋಗಿ ಕೂತ.

ಆಮೇಲೆ ಕನ್ನಡ ಮಾಸ್ತರು ಪಟ್ಟಿ ನೋಡಿ ಒಂದು ಹೆಸರು ಕರೆದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದರು. ನನ್ನ ಗೆಳತಿ ಮೊಣಕೈಯಿಂದ ತಿವಿದು, "ನೀನ ಬೇ" ಎಂದಳು. ಎದ್ದು ಹೋಗಿ ಮೈಕಿನ ಮುಂದೆ ನಿಂತೆ. "ನಾನು ಶಾಲೆಗೆ ಸೇರಿದ ದಿನ…" ಎಂದೆ. ಮುಂದೆ ಏನೂ ಇರಲಿಲ್ಲ. ನಾನು ಸೇರಿದ ದಿನ ಎನ್ನುವುದು ಯಾವತ್ತೂ ಇರಲಿಲ್ಲ. ಬಗಲಲ್ಲಿ ಕೂತು ಹೋಗುತ್ತಿದ್ದೆ, ಒಂದು ದಿನ ಹೊತ್ತವಳು ಬರಲಿಲ್ಲ, ಅಷ್ಟೇ. ದುಃಖದಿಂದ ಮಾತು ಬರುತ್ತಿಲ್ಲ ಎಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಬಂದು ಕೂತೆ.

ಪರೀಕ್ಷೆ ಬರೆದೆ. ಸೆಕೆಂಡ್ ಕ್ಲಾಸ್ ಬಂತು. ಅಪ್ಪ ಮುದಗಲ್ಲಿನವರಿಗೆ, ಹುಡುಗಿ ಮುಂದೆ ಓದುತ್ತಾಳಂತೆ ಎಂದು ಹೇಳಿ ಕಳಿಸಿದ. ಬೇಕೆಂದದ್ದೆಲ್ಲ ಸಿಕ್ಕಿತ್ತು. ಮಾರ್ಕ್ಸ್ ಕಾರ್ಡು ಕೈಗೆ ಬಂದ ವಾರ ಅದನ್ನು ತೆಗೆದುಕೊಂಡು ಮುಕ್ಕುಂದಕ್ಕೆ ಹೋದೆ. ಕ್ಷಮೆ ಕೇಳುವುದಕ್ಕೆ ಎಂದು ಈಗ ಬರೆದರೆ ನೀವೆಲ್ಲ ಮೆಚ್ಚುತ್ತೀರಿ. ಅದಕ್ಕಲ್ಲ. ಅಕ್ಕ ಖುಷಿ ಪಡಲಿ, ನನ್ನದು ತಪ್ಪಲ್ಲ ಎಂದು ಆಗಲಿ ಎಂದು ಹೋದೆ.

ಅಂಗಳದಲ್ಲಿ ಅಕ್ಕ ನುಚ್ಚು ಕೇರುತ್ತಿದ್ದಳು. ಕೈ ಒರೆಸಿಕೊಂಡು ಕಾರ್ಡನ್ನು ಎರಡು ತುದಿಯಲ್ಲಿ ಹಿಡಿದಳು. ಮೇಲಿನಿಂದ ಶುರು ಮಾಡಿ, ಒಂದೊಂದು ಸಾಲಿನ ಕೆಳಗೂ ಬೆರಳು ಎಳೆಯುತ್ತ ನೋಡಿದಳು. ಅಂಕ ನೋಡುತ್ತಿದ್ದಾಳೆ ಎಂದುಕೊಂಡು, ಇದು ಕನ್ನಡ, ಇದು ಗಣಿತ, ಇದು ವಿಜ್ಞಾನ ಎಂದು ಹೇಳತೊಡಗಿದೆ. ಅವಳು ಕೇಳುತ್ತಿರಲಿಲ್ಲ. ಬೆರಳು ಕೊನೆಯ ಸಾಲಿಗೆ ಬಂತು. ಕಾರ್ಡನ್ನು ತಿರುಗಿಸಿ ಹಿಂದಿನ ಖಾಲಿ ಬದಿಯನ್ನೂ ನೋಡಿದಳು.

"ಇದರಾಗ ಇಲ್ಲ."

"ಏನಕ್ಕಾ?"

"ನಂದು."

"ಇರಾಂಗಿಲ್ಲಲ್ಲ."

"ಗೊತ್ತೈತಿ. ಆದ್ರೂ ನೋಡಿದೆ."

ಕಾರ್ಡನ್ನು ನನ್ನ ಕೈಗೆ ಕೊಟ್ಟು ಮೊರ ಎತ್ತಿಕೊಂಡಳು. ಒಳಗಿನಿಂದ ಅವಳ ಅತ್ತೆ ಆ ಮನೆಯವರು ಇಟ್ಟ ಹೆಸರಿನಿಂದ ಕರೆದರು.

"ಬಂದ್ನಿ" ಎಂದಳು ಅಕ್ಕ, ಒಂದು ಕ್ಷಣವೂ ತಡಮಾಡದೆ. ಮೊರ ಹಿಡಿದುಕೊಂಡು ಒಳಗೆ ಹೋದಳು.